ಉತ್ತರ ಕೇಳಿದ ಗೋಪಾಲಗೌಡರು

ಯು. ಆರ್. ಅನಂತಮೂರ್ತಿಯವರ ‘ಅವಸ್ಥೆ’ಯನ್ನು ಓದಿದ ವಿದ್ಯಾರ್ಥಿಗಳಿಗೆ ಕೃಷ್ಣಪ್ಪಗೌಡನ ಪರಿಚಯ ಚೆನ್ನಾಗಿಯೇ ಇರುತ್ತದೆ. 1978ರಲ್ಲಿ ಪ್ರಕಟವಾದ ಆ ಕಾದಂಬರಿಯ ನಾಯಕನ ಹಿಂದೆ ಶಾಂತವೇರಿ ಗೋಪಾಲಗೌಡರ ನೆರಳಿದೆ ಎಂಬುದು ಸಾಹಿತ್ಯಾಸಕ್ತರೆಲ್ಲರೂ ಬಲ್ಲ ಸಂಗತಿ. ಆದರೆ ನೆರಳನ್ನು ಬಲ್ಲಷ್ಟು ಆ ವ್ಯಕ್ತಿಯನ್ನು ಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆಯ ಹುಡುಗರು ಕೂಡ ಅವರ ಹೆಸರನ್ನು ಒಂದು ರಸ್ತೆಯ ಅಥವಾ ಒಂದು ಸಭಾಂಗಣದ ಹೆಸರಾಗಿ ಅರಿತಿರುತ್ತಾರೆಯೇ ಹೊರತು, ಆ ಹೆಸರಿನ ಮನುಷ್ಯ ಏನು ಮಾಡಿದನೆಂಬುದನ್ನು ಹೇಳಲು ತಡವರಿಸುತ್ತಾರೆ. ಅವರ ಬದುಕನ್ನು ಕುರಿತು ಬರೆದವರು ಬಹುಮಂದಿ ಅವರ ಬಡತನ, ಸಿಟ್ಟು, ನಿಸ್ಪೃಹತೆ, ಸಾಹಿತ್ಯಪ್ರೇಮಗಳನ್ನು ವರ್ಣಿಸಿದ್ದಾರೆ. ಅವೆಲ್ಲವೂ ನಿಜವೇ. ನಾನು ಇಲ್ಲಿ ನೋಡಬಯಸುವುದು ಅವರ ಬದುಕಿನ ಇನ್ನೊಂದು ಮುಖವನ್ನು. ಪ್ರಜೆಯ ಹಕ್ಕಿನ ವಿಷಯದಲ್ಲಿ ಸರ್ಕಾರವು ಕೊಟ್ಟ ಮಾತು ಏನಾಯಿತೆಂದು ಸರ್ಕಾರವನ್ನೇ ಕೇಳುವ, ಕೇಳಿ ಬಿಡದೆ ಬೆನ್ನು ಹತ್ತುವ ಕೆಲಸವನ್ನು ಅವರು ತಮ್ಮ ಪಾಲಿಗೆ ಬಂದ ಅಲ್ಪಾಯುಷ್ಯದ ಬಹುಭಾಗ ಮಾಡಿದರು. ಅದಕ್ಕೆ ಆಗ ಹೆಸರಿರಲಿಲ್ಲ, ಈಗ ಇದೆ. ವಿಶ್ವಸಂಸ್ಥೆಯ ಭಾಷೆಯಲ್ಲಿ ಅದು ಮಾನವ ಹಕ್ಕುಗಳ ವರದಿಗಾರಿಕೆ ಮತ್ತು ಅನುಸರಣೆ.

ಗೋಪಾಲಗೌಡರು ಹುಟ್ಟಿದ್ದು 1923ರ ಮಾರ್ಚ್ 14ರಂದು. ಶಾಂತವೇರಿ ಅವರ ಹಿರಿಯರ ಊರು. ಬಾಲ್ಯವು ಕಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ. ಆರಗವು ಇಂದು ಸಣ್ಣ ಊರಾದರೂ ವಿಜಯನಗರದ ಅರಸರ ಕಾಲದಲ್ಲಿ ಒಂದು ರಾಜ್ಯದ, ಎಂದರೆ ಒಂದು ಪ್ರಾಂತದ, ಆಡಳಿತ ಕೇಂದ್ರವಾಗಿತ್ತು. ಕಪ್ಪಕಾಣಿಕೆಗಳ ಲೆಕ್ಕವೆಲ್ಲ ಸೇರುತ್ತಿದ್ದ ಆ ಸ್ಥಳದ ಮಣ್ಣಿನಲ್ಲಿಯೇ, ಆ ಲೆಕ್ಕದ ಇನ್ನೊಂದು ಬದಿಯನ್ನು ಕೇಳುವವನು ಆಡಿ ಬೆಳೆದದ್ದು ಕಾಕತಾಳೀಯವೇ ಇರಬಹುದು. ಚರಿತ್ರೆಯನ್ನು ಓದುವ ಚಾಪಲ್ಯವುಳ್ಳ ನನ್ನಂಥವನಿಗೆ ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ತೀರ್ಥಹಳ್ಳಿಯಲ್ಲಿ ಶಾಲೆ ಕಲಿತು, ಶಿವಮೊಗ್ಗೆಗೆ ಓದಲು ಹೋದ ವಿದ್ಯಾರ್ಥಿಯನ್ನು 1942ರ ಚಳವಳಿ ಸೆರೆಮನೆಗೆ ಕರೆದೊಯ್ದಿತು. ಅದೇ ವರ್ಷ ಅದೇ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಈಸೂರು ತನ್ನನ್ನು ತಾನೇ ಸ್ವತಂತ್ರವೆಂದು ಸಾರಿಕೊಂಡು, ಮರುವರ್ಷ ಅದರ ಐವರು ಗಲ್ಲಿಗೇರಿದರೆಂಬುದನ್ನು ನೆನೆದರೆ, ಅಂದಿನ ಶಿವಮೊಗ್ಗೆಯ ತರುಣರ ಮನಸ್ಸು ಎಷ್ಟು ಕಾದಿದ್ದಿತೆಂಬುದನ್ನು ಊಹಿಸಬಹುದು. ಸೆರೆಯಿಂದ ಹೊರಬಂದ ತರುವಾಯ ಗೌಡರು ಒಲಿದದ್ದು ಸಮಾಜವಾದಿ ಪಕ್ಷಕ್ಕೆ. ಜಯಪ್ರಕಾಶ ನಾರಾಯಣರೂ ರಾಮಮನೋಹರ ಲೋಹಿಯಾ ಅವರೂ ಅವರ ಚಿಂತನೆಯನ್ನು ರೂಪಿಸಿದರು; ಕ್ರಮೇಣ ಲೋಹಿಯಾ ಅವರ ಪ್ರಭಾವವೇ ಮೇಲಾಯಿತು.

ಇನ್ನು ಕಾಗೋಡಿನ ವಿಷಯ. ಇಲ್ಲಿ ಸ್ವಲ್ಪ ನಿಧಾನಿಸಬೇಕು.

ಕೊಳಗವೆಂಬುದು ಧಾನ್ಯವನ್ನು ಅಳೆಯುವ ಪಾತ್ರೆ. ಸಾಗರ ಸೀಮೆಯ ಗದ್ದೆಗಳನ್ನು ಗೇಣಿಗೆ ಮಾಡುತ್ತಿದ್ದವರಲ್ಲಿ ಬಹುಪಾಲು ದೀವರು. ಗದ್ದೆಯ ಒಡೆತನವು ಕೆಲವೇ ಮನೆತನಗಳ ಕೈಯಲ್ಲಿತ್ತು. ಗೇಣಿಯ ಕರಾರು ಬಾಯಿಮಾತಿನದು. ಕಾಗದವಿಲ್ಲ, ಕೊಟ್ಟ ಭತ್ತಕ್ಕೆ ರಸೀದಿಯಿಲ್ಲ. ಗೇಣಿಯನ್ನು ಅಳೆದು ಹಾಕುವುದು ಒಡೆಯರ ಅಂಗಳದಲ್ಲಿ, ಒಡೆಯರ ಕೊಳಗದಲ್ಲಿ. ಮೂರು ಸೇರಿನದಾಗಿರಬೇಕಾದ ಕೊಳಗವು ಅದಕ್ಕಿಂತ ಹೆಚ್ಚು ಹಿಡಿಯುತ್ತದೆಂಬುದು ಗೇಣಿದಾರರ ದೂರಾಗಿತ್ತು. ಕೇಳುವುದಕ್ಕೆ ಇದೊಂದು ಅಲ್ಪವಾದ ವ್ಯಾಜ್ಯ. ಒಂದು ಕೊಳಗಕ್ಕೆ ಅರ್ಧ ಸೇರಿನಷ್ಟು ವ್ಯತ್ಯಾಸವಾದರೆ ಅದೆಷ್ಟು ಮಹಾ ಎಂದು ಪಟ್ಟಣದಲ್ಲಿ ಕುಳಿತವರು ಕೇಳಿಯಾರು. ಆದರೆ ಮೂರು ಸೇರಿಗೆ ಅರ್ಧ ಸೇರು ಹೆಚ್ಚಾದರೆ ಆರರಲ್ಲಿ ಒಂದು ಪಾಲು ಹೆಚ್ಚು ತೆತ್ತಂತೆ. ನೂರು ಕೊಳಗ ಗೇಣಿ ಅಳೆಯುವವನು ನೂರ ಹದಿನಾರಕ್ಕೂ ಮಿಕ್ಕಿ ಅಳೆದಂತಾಯಿತು. ಮಳೆಗಾಲದ ಆಷಾಢ ಶ್ರಾವಣಗಳಲ್ಲಿ ಮಲೆನಾಡಿನ ಒಕ್ಕಲ ಮನೆಯ ಒಲೆ ಉರಿಯುವುದೋ ಇಲ್ಲವೋ ಎಂಬುದು ಆ ಹದಿನಾರು ಕೊಳಗದ ಮೇಲೆ ನಿಂತಿರುತ್ತಿತ್ತು. ಇದರ ಜೊತೆಗೆ ಬಿಟ್ಟಿ ಚಾಕರಿ, ಒಡೆಯರ ಎದುರಿನಲ್ಲಿ ಹೇಗೆ ನಿಲ್ಲಬೇಕು, ಹೇಗೆ ಉಡಬೇಕು ಎಂಬ ಕಟ್ಟುಪಾಡುಗಳು. ಹೊಟ್ಟೆಯ ಪ್ರಶ್ನೆಯೂ ಮಾನದ ಪ್ರಶ್ನೆಯೂ ಆ ಒಂದೇ ಪಾತ್ರೆಯಲ್ಲಿ ತುಂಬಿದ್ದವು.

ಇದೆಲ್ಲ ನಡೆಯುತ್ತಿದ್ದಾಗ ಸರ್ಕಾರಕ್ಕೆ ಇದರ ಅರಿವಿತ್ತೆ? ಈ ಪ್ರಶ್ನೆಯನ್ನು ನಾನು ವಿದ್ಯಾರ್ಥಿಗಳಿಗೆ ಆಗಾಗ ಹಾಕುವುದುಂಟು. ಹಳ್ಳಿಯಲ್ಲಿ ಶಾನುಭೋಗರಿದ್ದರು, ಪಟೇಲರಿದ್ದರು. ತಾಲ್ಲೂಕಿನಲ್ಲಿ ಅಮಲ್ದಾರರು, ಜಿಲ್ಲೆಯಲ್ಲಿ ಡೆಪ್ಯುಟಿ ಕಮೀಷನರು. ಕಂದಾಯದ ಪ್ರತಿ ಆಣೆಯೂ ಈ ಏಣಿಯನ್ನು ಹತ್ತಿ ಬೆಂಗಳೂರನ್ನು ಸೇರುತ್ತಿತ್ತು. ಆದರೆ ಲೆಕ್ಕದ ಪುಸ್ತಕಗಳು ಭೂಮಿಯ ಕಂದಾಯವನ್ನು ಕಟ್ಟುವವನನ್ನು ಕಂಡವೇ ವಿನಾ ಭೂಮಿಯನ್ನು ಉಳುವವನನ್ನು ಕಾಣಲಿಲ್ಲ. ಕಾಣದವನ ಅಳಲು ವರದಿಯಾಗುವುದು ಹೇಗೆ? 1948ರ ಡಿಸೆಂಬರ್ 10ರಂದು ಪ್ಯಾರಿಸ್ಸಿನಲ್ಲಿ ವಿಶ್ವಸಂಸ್ಥೆಯು ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಅಂಗೀಕರಿಸಿದಾಗ ಭಾರತವೂ ಅದಕ್ಕೆ ಮತ ನೀಡಿತ್ತು. 1950ರ ಜನವರಿ 26ರಂದು ನಮ್ಮ ಸಂವಿಧಾನ ಜಾರಿಗೆ ಬಂದು, ಬಿಟ್ಟಿ ಚಾಕರಿಯನ್ನು ಅಪರಾಧವೆಂದು ಸಾರಿತು. ಕಾಗೋಡಿನ ಕೊಳಗವು ಈ ಎರಡನ್ನೂ ಅರಿಯದೆ ಎಂದಿನಂತೆ ಅಳೆಯುತ್ತಲೇ ಇತ್ತು.

ಅದನ್ನು ಮೊದಲು ಪ್ರಶ್ನಿಸಿದ ಕೀರ್ತಿ ಗೋಪಾಲಗೌಡರದಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಅವರ ಅಭಿಮಾನಿಗಳು ಇದನ್ನು ಕೆಲವೊಮ್ಮೆ ಮರೆಯುತ್ತಾರೆ. ಸಾಗರ ತಾಲ್ಲೂಕಿನ ಗೇಣಿದಾರರನ್ನು ರೈತಸಂಘದ ಮೂಲಕ ಒಂದುಗೂಡಿಸಿದವರು ಎಚ್. ಗಣಪತಿಯಪ್ಪನವರು. 1951ರ ಏಪ್ರಿಲ್ ತಿಂಗಳಲ್ಲಿ, ಒಡೆಯರು ಬಿಡಿಸಿಕೊಂಡ ಗದ್ದೆಗಳಿಗೆ ರೈತರು ನೇಗಿಲು ಹೊತ್ತು ಇಳಿದು, ಬಂಧನಕ್ಕೆ ಒಳಗಾಗತೊಡಗಿದರು. ತಂಡದ ಹಿಂದೆ ತಂಡ ಹೋಯಿತು. ಹೆಂಗಸರೂ ಹಿಂದೆ ಉಳಿಯಲಿಲ್ಲ. ಹಳ್ಳಿಯ ಆ ಹೋರಾಟವನ್ನು ಎತ್ತಿಕೊಂಡು, ಅದಕ್ಕೆ ನಾಡಿನ ಕಿವಿಯನ್ನು ಒದಗಿಸಿದವರು ಸಮಾಜವಾದಿಗಳು. ಅವರಲ್ಲಿ ಮುಂಚೂಣಿಯಲ್ಲಿದ್ದವರು ಇಪ್ಪತ್ತೆಂಟರ ಹರೆಯದ ಗೋಪಾಲಗೌಡರು. ಜೂನ್ ತಿಂಗಳಲ್ಲಿ ಲೋಹಿಯಾ ಅವರೇ ಕಾಗೋಡಿಗೆ ಬಂದು ರೈತರೊಡನೆ ಗದ್ದೆಗೆ ಇಳಿದರು. ಸಾಗರದಲ್ಲಿ ಅವರ ದಸ್ತಗಿರಿಯಾಯಿತು. ದೇಶದ ಪತ್ರಿಕೆಗಳಲ್ಲಿ ಕಾಗೋಡು ಎಂಬ ಹೆಸರು ಅಚ್ಚಾಯಿತು. ಯಾವ ಕಡತವೂ ಮೇಲಕ್ಕೆ ಒಯ್ಯದ ವರದಿಯನ್ನು ನೇಗಿಲು ಹೊತ್ತವರು ಸೆರೆಮನೆಯ ದಾರಿಯಾಗಿ ಒಯ್ದರು.

ಸತ್ಯಾಗ್ರಹವು ಆಗಿಂದಾಗಲೇ ಗೆದ್ದಿತೆಂದು ಹೇಳುವಂತಿಲ್ಲ. ಗದ್ದೆಗಳು ತಟ್ಟನೆ ಉಳುವವರ ಕೈಗೆ ಬರಲಿಲ್ಲ. ಆದರೆ ಕೆಲವೇ ತಿಂಗಳಲ್ಲಿ ಮೊದಲ ಸಾರ್ವತ್ರಿಕ ಚುನಾವಣೆ ಬಂದಿತು. ಸಾಗರ-ಹೊಸನಗರ ಕ್ಷೇತ್ರದಿಂದ ಸಮಾಜವಾದಿ ಪಕ್ಷದ ಅಭ್ಯರ್ಥಿಯಾಗಿ ಗೋಪಾಲಗೌಡರು ನಿಂತರು. ಎದುರಿಗೆ ಕಾಂಗ್ರೆಸ್ಸಿನ ಪ್ರಬಲ ಅಭ್ಯರ್ಥಿ ಎ. ಆರ್. ಬದರಿನಾರಾಯಣರು. ಗೌಡರ ಬಳಿ ಹಣವಿರಲಿಲ್ಲ. ಮತದೊಂದಿಗೆ ಹಣವನ್ನೂ ಮತದಾರರಿಂದಲೇ ಬೇಡಿದರು. ಜನ ಎರಡನ್ನೂ ಕೊಟ್ಟರು. ಕಾಂಗ್ರೆಸ್ಸು 99 ಸ್ಥಾನಗಳಲ್ಲಿ 74ನ್ನು ಗೆದ್ದಿದ್ದ ಆ ಮೈಸೂರು ವಿಧಾನಸಭೆಯೊಳಕ್ಕೆ ಕಾಗೋಡಿನ ಗೇಣಿದಾರನ ಅಹವಾಲು ಹೀಗೆ ಒಬ್ಬ ಸದಸ್ಯನ ರೂಪದಲ್ಲಿ ಪ್ರವೇಶಿಸಿತು.

ಶಾಸನಸಭೆಯ ಪ್ರಶ್ನೋತ್ತರದ ವೇಳೆಯ ಮಹತ್ವವನ್ನು ನಮ್ಮ ಪಠ್ಯಪುಸ್ತಕಗಳು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ. ಅದರ ನಿಜವಾದ ಶಕ್ತಿಯಿರುವುದು ಅದು ಕಚೇರಿಗಳ ಮೇಲೆ ಹೇರುವ ಕೆಲಸದಲ್ಲಿ. ಸದಸ್ಯನೊಬ್ಬ ಒಂದು ತಾಲ್ಲೂಕಿನ ಗೇಣಿದಾರರನ್ನು ಕುರಿತು ಪ್ರಶ್ನೆ ಕೇಳಿದನೆಂದರೆ, ಆ ಪ್ರಶ್ನೆಯು ಕಾರ್ಯದರ್ಶಿಯ ಮೇಜಿನಿಂದ ಡೆಪ್ಯುಟಿ ಕಮೀಷನರಿಗೂ ಅಲ್ಲಿಂದ ಅಮಲ್ದಾರರಿಗೂ ಇಳಿಯಬೇಕು. ಅಮಲ್ದಾರರು ಶಾನುಭೋಗರನ್ನು ಕೇಳಬೇಕು. ಉತ್ತರವು ಅದೇ ಏಣಿಯನ್ನು ಮತ್ತೆ ಹತ್ತಿ, ಮಂತ್ರಿಯ ಬಾಯಿಂದ ಸಭೆಯಲ್ಲಿ ಹೊರಬೀಳಬೇಕು. ಅದುವರೆಗೆ ಯಾರೂ ಎಣಿಸದಿದ್ದುದನ್ನು ಆಗ ಎಣಿಸಲೇಬೇಕಾಗುತ್ತದೆ. ಹೇಳಿದ ಉತ್ತರ ದಾಖಲೆಯಾಗುತ್ತದೆ. ಮಾಡುತ್ತೇವೆಂದು ಮಂತ್ರಿಯು ಹೇಳಿದರೆ ಅದು ಭರವಸೆಯಾಗುತ್ತದೆ. ಅಂಥ ಭರವಸೆಗಳು ಈಡೇರಿದವೋ ಇಲ್ಲವೋ ಎಂದು ನೋಡಲು ಲೋಕಸಭೆಯಲ್ಲಿ 1953ರಲ್ಲಿ ಒಂದು ಸಮಿತಿಯೇ ಹುಟ್ಟಿತು. ಗೋಪಾಲಗೌಡರು ಈ ಏಣಿಯನ್ನು ಚೆನ್ನಾಗಿ ಅರಿತಿದ್ದರು. ಇಂಗ್ಲಿಷಿನ ಮೋಹ ಕವಿದಿದ್ದ ಆ ಸಭೆಯಲ್ಲಿ ಅವರು ಕನ್ನಡದಲ್ಲಿ ಮಾತನಾಡಿದರು. ನಾಡಿನ ಹೆಸರು ಕರ್ನಾಟಕವಾಗಬೇಕೆಂದು ವಾದಿಸಿದರು. ಭಾಷೆಯ ಈ ಹಟವನ್ನು ಬರಿಯ ಅಭಿಮಾನವೆಂದು ತಿಳಿಯುವುದು ಸರಿಯಲ್ಲ. ಗೇಣಿದಾರನಿಗೆ ತಿಳಿಯದ ಭಾಷೆಯಲ್ಲಿ ಕೊಟ್ಟ ಉತ್ತರವು ಗೇಣಿದಾರನಿಗೆ ಕೊಟ್ಟ ಉತ್ತರವಲ್ಲವಷ್ಟೆ.

ಎದುರು ಬದಿಯಲ್ಲಿದ್ದವರನ್ನೂ ನೆನೆಯುವುದು ನ್ಯಾಯ. ಕಂದಾಯ ಮಂತ್ರಿಗಳಾಗಿದ್ದ ಕಡಿದಾಳು ಮಂಜಪ್ಪನವರು ತೀರ್ಥಹಳ್ಳಿ ತಾಲ್ಲೂಕಿನವರೇ. ಒಂದೇ ಸೀಮೆಯ ಇಬ್ಬರು, ಒಬ್ಬರು ಉತ್ತರ ಕೊಡುವ ಪೀಠದಲ್ಲಿ, ಇನ್ನೊಬ್ಬರು ಕೇಳುವ ಪೀಠದಲ್ಲಿ. 1952ರ ಮೈಸೂರು ಗೇಣಿ ಶಾಸನವನ್ನೂ ಇನಾಂ ರದ್ದತಿಯ ಶಾಸನಗಳನ್ನೂ ತಂದವರು ಮಂಜಪ್ಪನವರು. ಅವರನ್ನು ಒಡೆಯರ ಪಕ್ಷಪಾತಿಯೆಂದು ಜರೆಯುವುದು ತಪ್ಪಾಗುತ್ತದೆ. ಕಾಗೋಡಿನ ಬಿಸಿ ಆರುವ ಮುನ್ನವೇ ಗೇಣಿ ಶಾಸನ ಬಂದುದು ಯೋಗಾಯೋಗವೆಂದು ನನಗನ್ನಿಸುವುದಿಲ್ಲ. ಆದರೆ ಶಾಸನವು ಗೇಣಿದಾರನಿಗೆ ರಕ್ಷಣೆ ಕೊಡಬೇಕಾದರೆ ತಾನು ಗೇಣಿದಾರನೆಂದು ಅವನು ಮೊದಲು ತೋರಿಸಬೇಕಾಗಿತ್ತು. ರಸೀದಿಯಿಲ್ಲದವನು ಏನನ್ನು ತೋರಿಸಿಯಾನು? ಮಂತ್ರಿಯು ಶಾಸನ ಮಾಡಿದ್ದೇವೆಂದರೆ ಅದು ಸತ್ಯ. ಗೌಡರು ಅದು ಗದ್ದೆಯ ಬದುವಿಗೆ ತಲಪಿಲ್ಲವೆಂದರೆ ಅದೂ ಸತ್ಯ.

1957ರ ಚುನಾವಣೆಯಲ್ಲಿ ಗೌಡರಿಗೆ ಗೆಲುವು ದೊರೆಯಲಿಲ್ಲ. ಅವರು ಸಭೆಯ ಹೊರಗಿದ್ದ ಆ ವರ್ಷಗಳಲ್ಲಿಯೇ, ಬಿ. ಡಿ. ಜತ್ತಿಯವರ ಸಮಿತಿಯ ವರದಿಯ ಆಧಾರದ ಮೇಲೆ ವಿಶಾಲ ಮೈಸೂರು ರಾಜ್ಯಕ್ಕೆಲ್ಲ ಒಂದೇ ಭೂಸುಧಾರಣಾ ಶಾಸನ ಸಿದ್ಧವಾಯಿತು. ಅದರ ಹೆಸರಿನಲ್ಲಿರುವ ವರ್ಷ 1961. ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1962ರಲ್ಲಿ. ಅದು ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಈ ಮೂರು ವರ್ಷಸಂಖ್ಯೆಗಳನ್ನು ಒಂದರ ಪಕ್ಕಕ್ಕೆ ಒಂದನ್ನು ಬರೆದು ನೋಡಿದರೆ ಗೋಪಾಲಗೌಡರ ಸಿಟ್ಟು ಅರ್ಥವಾಗುತ್ತದೆ. ಶಾಸನವು ಪುಸ್ತಕದಲ್ಲಿದ್ದು ಗದ್ದೆಯಲ್ಲಿ ಇಲ್ಲದ ಆ ಅವಧಿಯು ಭೂಮಿಯನ್ನು ಬಿಡಿಸಿಕೊಳ್ಳಬಯಸಿದ ಒಡೆಯನಿಗೆ ಒದಗಿದ ಅನುಕೂಲಕಾಲ. ಗೇಣಿದಾರನೇ ಸ್ವಇಚ್ಛೆಯಿಂದ ಭೂಮಿಯನ್ನು ಒಪ್ಪಿಸಿದನೆಂಬ ಬರೆಹಗಳು ಹುಟ್ಟಲು ಅಷ್ಟು ಸಮಯ ಧಾರಾಳವಾಗಿ ಸಾಕು. 1962ರಲ್ಲಿಯೂ 1967ರಲ್ಲಿಯೂ ತೀರ್ಥಹಳ್ಳಿ ಕ್ಷೇತ್ರದಿಂದ ಗೆದ್ದು ಬಂದ ಗೌಡರು ಗೇಣಿದಾರರ ಪರವಾಗಿ, ಬಗರ್‌ಹುಕುಂ ಸಾಗುವಳಿದಾರರ ಪರವಾಗಿ ವಾದಿಸುವುದನ್ನು ಬಿಡಲಿಲ್ಲ. ಇದೇ ಕಾಲದಲ್ಲಿ, 1964ರಲ್ಲಿ, ಶರಾವತಿಗೆ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು, ಸಾಗರ ಹೊಸನಗರಗಳ ಎಷ್ಟೋ ಊರುಗಳು ನೀರಿನ ಪಾಲಾದವು. ನಾಡಿಗೆ ಬೆಳಕು ಬಂದಿತು. ಊರು ಬಿಟ್ಟವರ ಭೂಮಿಯ ಹಕ್ಕುಪತ್ರದ ಪ್ರಶ್ನೆ ಮಾತ್ರ ಆರು ದಶಕಗಳು ಕಳೆದರೂ ಪೂರ್ತಿಯಾಗಿ ಇತ್ಯರ್ಥವಾಗಿಲ್ಲ. ಅದು ಇಂದಿಗೂ ಒಂದು ಇಲಾಖೆಯಿಂದ ಇನ್ನೊಂದು ಇಲಾಖೆಗೆ, ಕಂದಾಯದಿಂದ ಅರಣ್ಯಕ್ಕೆ, ಅಲೆಯುತ್ತಲೇ ಇದೆ.

ಈ ಅಲೆದಾಟವೇ ಇಂದು ಪ್ರಪಂಚದ ಸರ್ಕಾರಗಳೆಲ್ಲ ಎದುರಿಸುತ್ತಿರುವ ತೊಡಕು. ಹಕ್ಕುಗಳ ಒಪ್ಪಂದಕ್ಕೆ ಸೇರಿದ ದೇಶವು ನಿಯತಕಾಲಕ್ಕೆ ತನ್ನ ನಡತೆಯ ವರದಿಯನ್ನು ವಿಶ್ವಸಂಸ್ಥೆಯ ಸಮಿತಿಯ ಮುಂದಿಡಬೇಕು. ಸಮಿತಿ ಕೇಳಿದ್ದಕ್ಕೆ ಉತ್ತರ ಹೇಳಬೇಕು. ಅದು ಮಾಡಿದ ಶಿಫಾರಸುಗಳು ಏನಾದವೆಂದು ಮುಂದಿನ ಸಲ ತಿಳಿಸಬೇಕು. ಒಪ್ಪಂದಕ್ಕೆ ಅಂಕಿತ ಹಾಕುವುದು ವಿದೇಶಾಂಗ ಇಲಾಖೆ. ಆದರೆ ಸೆರೆಮನೆಯ ಸಂಗತಿ ಗೃಹ ಇಲಾಖೆಗೆ ಗೊತ್ತು, ಶಾಲೆಯದು ಶಿಕ್ಷಣ ಇಲಾಖೆಗೆ, ಭೂಮಿಯದು ರಾಜ್ಯ ಸರ್ಕಾರಕ್ಕೆ. ಇವರೆಲ್ಲರಿಂದ ಸಂಗತಿಗಳನ್ನು ತರಿಸಿ ಒಂದುಗೂಡಿಸಿ, ಶಿಫಾರಸುಗಳನ್ನು ಮತ್ತೆ ಅವರವರಿಗೆ ಹಂಚಿ, ಬೆನ್ನು ಹತ್ತಿ ಮಾಡಿಸುವ ಖಾಯಂ ವ್ಯವಸ್ಥೆಯೊಂದು ಪ್ರತಿ ಸರ್ಕಾರದಲ್ಲಿಯೂ ಇರಬೇಕೆಂದು ವಿಶ್ವಸಂಸ್ಥೆಯು ಈಚಿನ ವರ್ಷಗಳಲ್ಲಿ ಒತ್ತಿ ಹೇಳುತ್ತಿದೆ. ಹಲವು ದೇಶಗಳು ಅಂಥದನ್ನು ಕಟ್ಟಿಕೊಂಡಿವೆ. ಭಾರತವು 1993ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವನ್ನು ಸ್ಥಾಪಿಸಿತು. 2008ರಿಂದೀಚೆಗೆ ಎಲ್ಲ ರಾಷ್ಟ್ರಗಳಿಗೂ ನಡೆಯುವ ಸಾರ್ವತ್ರಿಕ ಪರಿಶೀಲನೆಗೆ ನಾಲ್ಕು ಬಾರಿ, 2008, 2012, 2017 ಮತ್ತು 2022ರಲ್ಲಿ, ಹಾಜರಾಗಿದೆ. ಆದರೆ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಪ್ಪಂದದ ಅಡಿಯಲ್ಲಿ ನಮ್ಮ ಮೂರನೆಯ ವರದಿಯ ಪರಿಶೀಲನೆ 1997ರಲ್ಲಿ ನಡೆದ ಮೇಲೆ ನಾಲ್ಕನೆಯದು ನಡೆದದ್ದು 2024ರಲ್ಲಿ. ನಡುವೆ ಇಪ್ಪತ್ತೇಳು ವರ್ಷ. ಜಿನೀವಾದ ಸಭಾಂಗಣವನ್ನು ಗೋಪಾಲಗೌಡರು ಕಂಡವರಲ್ಲ. ಆದರೆ ಇಪ್ಪತ್ತೇಳು ವರ್ಷ ಉತ್ತರವಿಲ್ಲದ ಪ್ರಶ್ನೆಯೊಂದು ಅವರ ಕೈಗೆ ಸಿಕ್ಕಿದ್ದರೆ ವಿಧಾನಸಭೆಯ ಮೇಜುಗಳು ಏನಾಗುತ್ತಿದ್ದವೋ ಎಂದು ಒಮ್ಮೊಮ್ಮೆ ಯೋಚಿಸುತ್ತೇನೆ. ಅವರ ಸಿಟ್ಟಿನ ಕಥೆಗಳು ಮಲೆನಾಡಿನಲ್ಲಿ ಇಂದಿಗೂ ಬೇಕಾದಷ್ಟಿವೆ.

ಸಿಟ್ಟಿನ ಈ ಮನುಷ್ಯ ಕವಿಗಳ ಗೆಳೆಯನೂ ಆಗಿದ್ದನೆಂಬುದು ನಮ್ಮಂಥ ಕನ್ನಡ ಮೇಷ್ಟರಿಗೆ ಸಂತೋಷದ ಸಂಗತಿ. ಗೋಪಾಲಕೃಷ್ಣ ಅಡಿಗರು 1964ರಿಂದ 1968ರವರೆಗೆ ಸಾಗರದ ಲಾಲ್‌ಬಹಾದೂರ್ ಕಾಲೇಜಿನ ಪ್ರಾಂಶುಪಾಲರಾಗಿದ್ದರು. ನವ್ಯದ ಕವಿಗಳೂ ಕತೆಗಾರರೂ ಅನೇಕರು ಲೋಹಿಯಾ ವಿಚಾರಗಳಿಗೆ ಹತ್ತಿರವಾಗುತ್ತಿದ್ದ ಕಾಲವದು. ಗೌಡರು ಆ ಬಳಗದಲ್ಲಿ ಸಹಜವಾಗಿ ಬೆರೆತರು. ಕಾವ್ಯವನ್ನು ಓದಿ ಚರ್ಚಿಸುವ ಶಾಸಕರು ಅಂದೂ ವಿರಳ. ಅವರ ಜೀವನದಿಂದ ಒಂದು ಕಾದಂಬರಿ ಹುಟ್ಟಿದ್ದಕ್ಕೆ ಈ ಒಡನಾಟವೇ ಕಾರಣವಿರಬೇಕು. ಆದರೆ ಆ ಕಾದಂಬರಿಯು ಹಾಸಿಗೆ ಹಿಡಿದ ನಾಯಕನ ಅಂತರಂಗವನ್ನು ಎಷ್ಟು ಸೊಗಸಾಗಿ ಕಂಡಿತೋ, ಅವನು ಕೇಳಿದ ಪ್ರಶ್ನೆಗಳ ಹಿಂದಿನ ಒಣ ಲೆಕ್ಕವನ್ನು ಅಷ್ಟಾಗಿ ಗಮನಿಸಲಿಲ್ಲವೆಂಬುದು ನನ್ನ ಆಕ್ಷೇಪ. ಕಾದಂಬರಿಗೆ ಅದು ಬೇಕಿರಲಿಲ್ಲವೇನೋ.

ಆರೋಗ್ಯ ಬಹುಬೇಗ ಕೈಕೊಟ್ಟಿತು. ಪಾರ್ಶ್ವವಾಯು ಬಡಿಯಿತು. ಮೂರು ಬಾರಿ ಶಾಸಕರಾಗಿದ್ದರೂ ಹೇಳಿಕೊಳ್ಳುವ ಆಸ್ತಿಯನ್ನೇನೂ ಮಾಡದ ಅವರು 1972ರ ಜೂನ್ 9ರಂದು ಬೆಂಗಳೂರಿನಲ್ಲಿ ತೀರಿಕೊಂಡಾಗ ವಯಸ್ಸು ನಲವತ್ತೊಂಬತ್ತು. ನಾನು ಈಗ ಆ ವಯಸ್ಸಿಗೆ ಸಮೀಪಿಸುತ್ತಿರುವುದರಿಂದಲೋ ಏನೋ, ಆ ಸಂಖ್ಯೆ ಮೊದಲಿಗಿಂತ ಸಣ್ಣದಾಗಿ ತೋರುತ್ತದೆ.

ಅವರು ಬಯಸಿದ್ದರಲ್ಲಿ ಕೆಲವು ಅವರ ಮರಣದ ಬೆನ್ನಿಗೇ ನಡೆದವು. 1973ರ ನವೆಂಬರ್ 1ರಂದು ನಾಡಿಗೆ ಕರ್ನಾಟಕವೆಂಬ ಹೆಸರು ಬಂದಿತು. ದೇವರಾಜ ಅರಸರ ಸರ್ಕಾರವು ತಂದ ತಿದ್ದುಪಡಿಯಿಂದ, 1974ರ ಮಾರ್ಚ್ 1ರಂದು, ಗೇಣಿಯ ಭೂಮಿಯೆಲ್ಲ ಸರ್ಕಾರಕ್ಕೆ ಸೇರಿತು. ಉಳುವವನು ತನ್ನ ಹೆಸರಿಗೆ ಅದನ್ನು ಕೇಳಿಕೊಳ್ಳಬಹುದಾಯಿತು. ಹಿಂದಿನ ಶಾಸನಗಳಿಗೂ ಇದಕ್ಕೂ ಇದ್ದ ಭೇದವು ತತ್ತ್ವದಲ್ಲಿ ಇದ್ದುದಕ್ಕಿಂತ ಹೆಚ್ಚಾಗಿ ಏರ್ಪಾಡಿನಲ್ಲಿತ್ತು. ತಾಲ್ಲೂಕು ತಾಲ್ಲೂಕಿಗೆ ಭೂ ನ್ಯಾಯಮಂಡಳಿ ಬಂದಿತು. ಅದರಲ್ಲಿ ಅಸಿಸ್ಟೆಂಟ್ ಕಮೀಷನರ ಜೊತೆಗೆ ಅಧಿಕಾರಿಗಳಲ್ಲದ ಸದಸ್ಯರೂ ಕುಳಿತರು. ಮೊದಮೊದಲು ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ರಸೀದಿಯಿಲ್ಲದ ಗೇಣಿದಾರನ ಪರವಾಗಿ ನೆರೆಹೊಲದವನು ಬಾಯಲ್ಲಿ ಹೇಳಿದ ಸಾಕ್ಷಿಗೂ ಬೆಲೆ ಬಂದಿತು. ಆತ ಮಾಡಬೇಕಾದುದು ಏಳನೆಯ ನಮೂನೆಯ ಅರ್ಜಿಯನ್ನು ತುಂಬಿ ಕೊಡುವುದು. ರಾಜ್ಯದಲ್ಲಿ ಎಂಟು ಲಕ್ಷದ ಆಸುಪಾಸಿನಲ್ಲಿ ಅಂಥ ಅರ್ಜಿಗಳು ಬಂದವು. ಎಲ್ಲ ಕಡೆಯೂ ನ್ಯಾಯವೇ ನಡೆಯಿತೆಂದು ಯಾರೂ ಹೇಳಲಾರರು. ಕೆಲವು ವ್ಯಾಜ್ಯಗಳು ಉಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿ ದಶಕಗಳ ಕಾಲ ಅಲ್ಲಿಯೇ ಕುಳಿತವು. ಆದರೂ ಕಂದಾಯದ ಲೆಕ್ಕದ ಪುಸ್ತಕಕ್ಕೆ ಉಳುವವನ ಹೆಸರು ಇಳಿಯತೊಡಗಿತು.

ಅರ್ಜಿಯನ್ನು ಸಲ್ಲಿಸುವ ಗಡುವು ಮುಂದಕ್ಕೆ ಹೋಗುತ್ತ ಹೋಗಿ ಕೊನೆಗೆ 1979ರ ಜೂನ್ 30ಕ್ಕೆ ನಿಂತಿತು. ಭಾರತ ಸರ್ಕಾರವು ವಿಶ್ವಸಂಸ್ಥೆಯ ಎರಡು ಹಕ್ಕು ಒಪ್ಪಂದಗಳಿಗೆ ಸೇರಿದ್ದು ಅದೇ ವರ್ಷದ ಏಪ್ರಿಲ್ 10ರಂದು. ಆ ಬೇಸಗೆಯಲ್ಲಿ ದೆಹಲಿಯು ತನ್ನ ಮೊದಲ ವರದಿಯನ್ನು ಬರೆಯುವ ಹೊಣೆಯನ್ನು ಹೊತ್ತುಕೊಂಡಿತು. ಮಳೆಗಾಲ ಹಿಡಿಯುವಷ್ಟರಲ್ಲಿ, ಇನ್ನೂ ಅರ್ಜಿ ಕೊಡದೆ ಉಳಿದಿದ್ದ ಗೇಣಿದಾರರು ನಮ್ಮ ತಾಲ್ಲೂಕು ಕಚೇರಿಗಳ ಜಗುಲಿಯಲ್ಲಿ ಏಳನೆಯ ನಮೂನೆಗೆ ಹೆಬ್ಬೆಟ್ಟು ಒತ್ತಿದರು.